ನೆತ್ತರಿನ ಬಿಲ್ಲೆಗೊಂದು ಬಳೆ

ಕೊರಟಗೆರೆಯ ಸಿದ್ದರಬೆಟ್ಟವೆಂದೊಡನೆ ನಾರುಬೇರಿನ ನೆನಪಾಗುವುದು ಸಹಜ. ಗುಹೆಯ ದೇವರನ್ನು ಕಂಡು ಇಳಿಯುವವರ ಕಣ್ಣು ಔಷಧಿಯ ಸೊಪ್ಪನ್ನೂ ಅರಸುತ್ತಿರುತ್ತದೆ. ನಮ್ಮ ನಾಡಿನ ಕುರುಚಲು ಕಾಡುಗಳಲ್ಲಿ ಮಳೆಗಾಲಕ್ಕೆ ಉರಿಯಂತೆ ಅರಳುವ ಅಗ್ನಿಶಿಖೆಯ ಬಳ್ಳಿಯನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಈ ವಿಷವು ರಕ್ತದ ಅತಿ ಸಣ್ಣ ಕಣವೊಂದರ ರೂಪವನ್ನೇ ಕೆಡಿಸಬಲ್ಲದು.

ಆ ಕಣವೇ ಪ್ಲೇಟ್ಲೆಟ್. ಡೆಂಗೆ ಜ್ವರದ ದೆಸೆಯಿಂದ ಈ ಹೆಸರು ಈಗ ಮನೆಮಾತು. 1882ರಲ್ಲಿ ಇಟಲಿಯ ಬಿಜೊಜೆರೊ ಇದನ್ನು ವಿವರಿಸಿದ. ಅಗಲ ಎರಡು ಮೂರು ಮೈಕ್ರಾನ್; ಒಳಗೆ ಕೋಶಕೇಂದ್ರವಿಲ್ಲ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇಂಥವು 1.5ರಿಂದ 4.5 ಲಕ್ಷ.

ಇದು ಚಪ್ಪಟೆ ಬಿಲ್ಲೆಯಾಗಿ ಉಳಿಯುವುದು ಹೇಗೆ? ಮೊರ, ಬುಟ್ಟಿ ಹೆಣೆಯುವವರು ಅಂಚಿಗೆ ಬಿದಿರಿನ ಸೀಳನ್ನು ಬಗ್ಗಿಸಿ ಕಟ್ಟುವುದನ್ನು ನೆನೆಯಿರಿ. ನೆಟ್ಟಗಾಗಲು ಹವಣಿಸುವ ಆ ಸೀಳೇ ಅಂಚನ್ನು ಹೊರಕ್ಕೆ ಬಿಗಿದು ಹಿಡಿಯುತ್ತದೆ. ಪ್ಲೇಟ್ಲೆಟ್ಟಿನ ಅಂಚಿನಲ್ಲಿಯೂ ಅಂಥ ಬಳೆಯೊಂದಿದೆ. ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಕಣಗಳು ಸಾಲುಗೂಡಿ ಕಟ್ಟಿದ, ಬರಿಯ 25 ನ್ಯಾನೊಮೀಟರ್ ದಪ್ಪದ ಸೂಕ್ಷ್ಮನಾಳ ಅದು. ಅಂಚಿನುದ್ದಕ್ಕೂ ಸಿಂಬೆಯಂತೆ ಎಂಟರಿಂದ ಹನ್ನೆರಡು ಸುತ್ತು ಸುತ್ತಿರುತ್ತದೆ. ಸಿಂಬೆಯೆಂದೆನಾದರೂ ಇದು ಜಡವಲ್ಲ. ಗಾಯದ ಸುಳಿವು ಸಿಕ್ಕೊಡನೆ ಚಾಲಕ ಪ್ರೋಟೀನುಗಳು ನಾಳಗಳನ್ನು ಒಂದರ ಮೇಲೊಂದು ಜಾರಿಸುತ್ತವೆ. ಉದ್ದವಾದ ಬಳೆ ಅಂಚಿನೊಳಗೆ ಹಿಡಿಸದೆ ಸುರುಳಿಗೊಳ್ಳುತ್ತದೆ, ಬಿಲ್ಲೆ ಗುಂಡಗಾಗುತ್ತದೆ; ಬಳಿಕ ಆಕ್ಟಿನ್ ಎಂಬ ಬೇರೊಂದು ಪ್ರೋಟೀನಿನ ಎಳೆಗಳು ಮುಳ್ಳುಗಳನ್ನು ಹೊರಚಾಚುತ್ತವೆ.

ಕಾಲ್ಚಿಸಿನ್ ಟ್ಯೂಬ್ಯುಲಿನ್ನಿಗೆ ಅಂಟಿಕೊಂಡು ನಾಳ ಕಟ್ಟದಂತೆ ತಡೆಯುತ್ತದೆ. ಬಳೆಯಳಿದ ಬಿಲ್ಲೆ ಉಂಡೆಯಾಗುತ್ತದೆ. ದೇಹದ ಕೋಶಗಳು ಒಡೆದು ಎರಡಾಗುವುದಕ್ಕೂ ಇದೇ ನಾಳಗಳು ಬೇಕಾದುದರಿಂದ ಗೆಡ್ಡೆ ತಿಂದವರ ಕರುಳೂ ಅಸ್ಥಿಮಜ್ಜೆಯೂ ಹಾಳಾಗಿ ಸಾವು ಸಂಭವಿಸಬಹುದು. ಅದೇ ವಿಷವನ್ನು ವೈದ್ಯರು ಮಿಲಿಗ್ರಾಮಿನ ಲೆಕ್ಕದಲ್ಲಿ ಗೌಟ್ ಎಂಬ ಕೀಲುಬೇನೆಗೆ ಕೊಡುತ್ತಾರೆ. ಕೈಯಳತೆಯ ಮದ್ದಿನ ಅಭಿಮಾನಿಗಳು ಇದನ್ನು ಗಮನಿಸಬೇಕು.

ಚಳಿಗೂ ಈ ಬಳೆ ಕರಗುತ್ತದೆ. ನಾಲ್ಕು ಡಿಗ್ರಿಯ ತಂಪಿನಲ್ಲಿ ಗುಂಡಗಾದ ಕಣ, ಬೆಚ್ಚಗಾದಾಗ ಬಳೆಯನ್ನು ಮತ್ತೆ ಕಟ್ಟಿಕೊಳ್ಳಬಹುದು. ಆದರೆ ತಂಪು ಅದರ ಹೊರಮೈಯನ್ನೂ ಬದಲಿಸಿರುತ್ತದೆ. ರೋಗಿಯ ಮೈ ಸೇರಿದ ಅಂಥ ಕಣಗಳನ್ನು ಯಕೃತ್ತು ಬೇಗನೆ ಹೆಕ್ಕಿ ತೆಗೆದುಬಿಡುತ್ತದೆ. ಆದುದರಿಂದ ರಕ್ತನಿಧಿಗಳಲ್ಲಿ ಕೆಂಪುಕಣದ ಚೀಲಗಳು ಶೀತಪೆಟ್ಟಿಗೆಯಲ್ಲಿ ತಿಂಗಳಿಗೂ ಮೀರಿ ಉಳಿದರೆ, ಪ್ಲೇಟ್ಲೆಟ್ ಚೀಲವನ್ನು ಸಾಮಾನ್ಯವಾಗಿ 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲಂತೆ ತೂಗುವ ಯಂತ್ರದ ಮೇಲೆ ಇಡುತ್ತಾರೆ. ಆ ಬೆಚ್ಚನೆಯಲ್ಲಿ ರೋಗಾಣುಗಳೂ ಬೆಳೆಯಬಲ್ಲವಾದ್ದರಿಂದ ಅವಧಿ ಸಾಮಾನ್ಯವಾಗಿ ಐದೇ ದಿನ. ಡೆಂಗೆಯ ತಿಂಗಳುಗಳಲ್ಲಿ, ಈ ಸೋಮವಾರ ಕೊಟ್ಟ ರಕ್ತದಿಂದ ತೆಗೆದ ಅಂಥ ಚೀಲ ಮುಂದಿನ ಸೋಮವಾರದ ರೋಗಿಗೆ ಒದಗದು.