ಸಾಕ್ಷಿಯ ಪರೀಕ್ಷೆ



ತಕ್ಕಡಿಯ ಕಾಲದಲ್ಲಿ ತಾಂಡೂರಿನ ತೊಗರಿ ಪೇಟೆಗೆ ಬಂದ ರೈತನು, ತೂಕಕ್ಕೆ ಮೊದಲು ಬರಿಯ ತಟ್ಟೆಗಳು ಸಮನಾಗಿ ನಿಂತಿವೆಯೇ ಎಂದು ನೋಡುತ್ತಿದ್ದನು. ವಿಜ್ಞಾನಿಯೂ ತನ್ನ ಸಾಧನವನ್ನು ಹೀಗೆಯೇ ಪರೀಕ್ಷಿಸಬೇಕು. ಅಂತಹ ಒಂದು ಪರೀಕ್ಷೆಯನ್ನು ಕುರಿತು ನಾವಿಂದು ಎರಡು ಮಾತು ಹೇಳಬಯಸುತ್ತೇವೆ.

ಜೀವಕೋಶದ ಪ್ರೋಟೀನುಗಳಿಗೆ ಅಂಟಿದ ಫಾಸ್ಫೇಟನ್ನು ಕಳಚುವ ಕಿಣ್ವಗಳೇ ಫಾಸ್ಫಟೇಸುಗಳು. ಇವುಗಳ ಕೆಲಸ ಕೆಟ್ಟರೆ ಅರ್ಬುದದಂತಹ ರೋಗಗಳು ಹುಟ್ಟಬಹುದು. ನಮಗೆ ಸಮೀಪದ ಹೈದರಾಬಾದಿನ ಕೋಶೀಯ ಮತ್ತು ಅಣ್ವಿಕ ಜೀವಶಾಸ್ತ್ರ ಕೇಂದ್ರದಲ್ಲಿ ಘನಶ್ಯಾಮ ಸ್ವರೂಪರು ಇವುಗಳನ್ನು ಅಭ್ಯಸಿಸಿದರು. 1995ರಲ್ಲಿ ಭಟ್ನಾಗರ್ ಪುರಸ್ಕಾರಕ್ಕೆ ಪಾತ್ರರಾದರು.

ಸಹಸ್ರಾರು ಪ್ರೋಟೀನುಗಳ ನಡುವೆ ಒಂದನ್ನು ಗುರುತಿಸಿಕೊಡುವ ಸಾಕ್ಷಿಯೆಂದರೆ ಪ್ರತಿಕಾಯ. ಫಾಸ್ಫಟೇಸಿನ ಹತ್ತಿಪ್ಪತ್ತು ಅಮೈನೋ ಆಮ್ಲಗಳಷ್ಟು ತುಣುಕನ್ನು, ಅಂದರೆ ಪೆಪ್ಟೈಡನ್ನು, ಕೃತಕವಾಗಿ ರಚಿಸಿ ಪ್ರಾಣಿಗೆ ಚುಚ್ಚಿ ಇದನ್ನು ಪಡೆಯುವುದುಂಟು. ಇಂತಹ ರಚನೆಗೆ 1963ರಲ್ಲಿ ಸುಲಭಮಾರ್ಗ ತೋರಿದವರು ಮೆರಿಫೀಲ್ಡರು.

ಈ ಸಾಕ್ಷಿಯನ್ನು ನಂಬುವುದೆಂತು? ಅದೇ ಪೆಪ್ಟೈಡನ್ನು ಯಥೇಷ್ಟವಾಗಿ ಪ್ರತಿಕಾಯದೊಡನೆ ಮೊದಲೇ ಬೆರೆಸುತ್ತಾರೆ. ಪ್ರತಿಕಾಯದ ಹಿಡಿಗಳೆಲ್ಲ ತುಂಬಿಹೋಗುತ್ತವೆ. ಆಗ ಪ್ರಯೋಗದಲ್ಲಿ ಮೊದಲು ಕಂಡ ಗುರುತು ಅಳಿದರೆ, ಅದು ಆ ತುಣುಕಿನಿಂದಲೇ ಮೂಡಿದ್ದು; ಉಳಿದರೆ ಹುಸಿ. ಆದರೆ ಅದೇ ತುಣುಕನ್ನು ಹೋಲುವ ಬೇರೆ ಪ್ರೋಟೀನಿನ ಗುರುತೂ ಅಳಿಯುವುದು. ಆದ್ದರಿಂದ ಆ ಫಾಸ್ಫಟೇಸೇ ಇಲ್ಲದ ಕೋಶದಲ್ಲಿಯೂ ಪರೀಕ್ಷಿಸಬೇಕು.

ಉತ್ತರ ಸರಿಯಿದ್ದರೆ ಸಾಕೆಂದು ನಾವೂ ಎಷ್ಟೋ ಬಾರಿ ಅಂಕ ಕೊಟ್ಟಿದ್ದೇವೆ, ‘ಹೇಗೆ ತಿಳಿಯಿತು?’ ಎಂದು ಕೇಳಲಿಲ್ಲ. ಜಹೀರಾಬಾದು, ನಾರಾಯಣಖೇಡಗಳ ಮಕ್ಕಳು ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಕಲಿತರೆ, ಯಾವ ಪ್ರಯೋಗಶಾಲೆಯೂ ಅವರಿಗೆ ದೂರವಲ್ಲ.