ಪದವಿಯೂ ಪಳಗಿದ ಕಣ್ಣೂ



ಪದವಿಯು ದೊಡ್ಡದು. ಅದರಿಂದಲೇ ಅನ್ನವನ್ನು ಸಂಪಾದಿಸುತ್ತಿರುವ ನಾನು ಅದನ್ನು ಹಳಿಯಲಾರೆನು. ಆದರೆ ಕೆಲಸಕ್ಕೆ ಜನರನ್ನು ಆರಿಸುವಾಗ ಅದೊಂದನ್ನೇ ಅಳತೆಗೋಲಾಗಿ ಹಿಡಿಯುವುದು ಸರಿಯೆ? ಈ ಪ್ರಶ್ನೆಯನ್ನು ವಿಚಾರಮಾಡಲು ತಮ್ಮನ್ನು ಹಂಗಳಕ್ಕೆ ಕರೆದುಕೊಂಡು ಹೋಗುತ್ತೇನೆ. ಅದು ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ, ಬಂಡೀಪುರದ ಕಾಡಂಚಿನಲ್ಲಿರುವ ಊರು.

2019ರಲ್ಲಿ ಈ ಸೀಮೆಯಲ್ಲಿ ಹುಲಿಯೊಂದು ಇಬ್ಬರು ರೈತರನ್ನು ಕೊಂದಿತು. ಅದನ್ನು ಹಿಡಿಯಲು ಅರಣ್ಯ ಇಲಾಖೆಯವರು ಪಳಗಿದ ಆನೆಗಳನ್ನೂ ಪಶುವೈದ್ಯರನ್ನೂ ಕರೆತಂದರು. ಅವರೊಡನೆ ಸೋಲಿಗ ಜಾಡುಗಾರರನ್ನೂ ಕರೆಯಿಸಿದರು. ಅಕ್ಟೋಬರ್ ತಿಂಗಳಲ್ಲಿ ಹುಲಿಯು ಜೀವಸಹಿತ ಸೆರೆಯಾಯಿತು. ಅರಿವಳಿಕೆಯ ಮದ್ದು ಎಷ್ಟು ಬೇಕೆಂಬುದು ವೈದ್ಯನ ವಿದ್ಯೆ. ಹುಲಿಯು ಯಾವ ಪೊದೆಯ ಕಡೆಗೆ ಹೋಗಿದೆಯೆಂಬುದು ಜಾಡುಗಾರನ ವಿದ್ಯೆ. ಇವುಗಳಲ್ಲಿ ಒಂದಿಲ್ಲದೆ ಇನ್ನೊಂದು ಸಾಗದು.

ಇದು ಹೊಸ ಮಾತಲ್ಲ. ನೀರಾವರಿ ಇಲಾಖೆಯಲ್ಲಿದ್ದ ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ಮಾಡಿಸಿ ಆನೆಗಳನ್ನು ಹಿಡಿದನು. ಆ ವಿದ್ಯೆಯನ್ನು ಅವನು ಯಾವ ಕಾಲೇಜಿನಲ್ಲಿಯೂ ಓದಿರಲಿಲ್ಲ; ಕಾಡಿನಲ್ಲಿ ಅಲೆದು, ಕಾಡಿನ ಜನರೊಡನೆ ಒಡನಾಡಿ ಸಂಪಾದಿಸಿದನು.

ನನ್ನ ತಪ್ಪೊಂದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಸಸ್ಯಸಮೀಕ್ಷೆಯೊಂದಕ್ಕೆ ಸಹಾಯಕನನ್ನು ಆರಿಸುವ ಸಮಿತಿಯಲ್ಲಿ ನಾನೂ ಕುಳಿತಿದ್ದೆನು. ಹಂಗಳದ ಕಡೆಯ ಮಧ್ಯವಯಸ್ಕನೊಬ್ಬನು ಬಂದನು. ಮೇಜಿನ ಮೇಲಿದ್ದ ಎಲೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಮರದ ಹೆಸರನ್ನೂ ಅದು ಹೂ ಬಿಡುವ ತಿಂಗಳನ್ನೂ ತಡವರಿಸದೆ ಹೇಳಿದನು. ಆದರೆ ಪ್ರಮಾಣಪತ್ರವಿರಲಿಲ್ಲ. ನಾವು ಪದವೀಧರನೊಬ್ಬನನ್ನು ಆರಿಸಿದೆವು. ಒಂದು ವಾರದೊಳಗೆ ಆ ಪದವೀಧರನು ದಾರಿ ತೋರಿಸುವುದಕ್ಕಾಗಿ ಅದೇ ಮನುಷ್ಯನನ್ನು ದಿನಗೂಲಿಗೆ ಗೊತ್ತುಮಾಡಿಕೊಂಡನು! ತಿಳಿವಳಿಕೆ ಒಬ್ಬನದು, ಸಂಬಳ ಇನ್ನೊಬ್ಬನದು. ಅಂದು ನಾನು ಸುಮ್ಮನಿದ್ದುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹಾಗೆಂದು ಅನುಭವವೊಂದೇ ಸಾಕೆಂದು ಯಾರೂ ತಿಳಿಯಬಾರದು. ಹೆಜ್ಜೆಯ ಗುರುತಿನಿಂದ ಹುಲಿಗಳನ್ನು ಎಣಿಸುವ ಹಳೆಯ ಕ್ರಮವು ನಂಬಿಕೆಗೆ ಸಾಲದೆಂದು ಕಂಡುಬಂದು, 2006ರ ರಾಷ್ಟ್ರೀಯ ಗಣತಿಯಿಂದ ಕ್ಯಾಮೆರಾ ಮತ್ತು ಸಂಖ್ಯಾಶಾಸ್ತ್ರವನ್ನು ಅವಲಂಬಿಸಿದ ಕ್ರಮವು ಬಂದಿತು. ಪಟ್ಟೆಗಳನ್ನು ಹೋಲಿಸಿ ಇದು ಇದೇ ಹುಲಿಯೆಂದು ನಿರ್ಣಯಿಸುವುದು ಶಾಸ್ತ್ರ. ಆದರೆ ಕ್ಯಾಮೆರಾವನ್ನು ಯಾವ ಕಾಲುದಾರಿಯಲ್ಲಿ ಕಟ್ಟಬೇಕೆಂಬುದನ್ನು ಕಾಡಿನಲ್ಲಿ ಕಾಲು ಸವೆಸಿದವನು ಬಲ್ಲನು.

ಆದುದರಿಂದ ನನ್ನ ಸೂಚನೆಯಿಷ್ಟೆ. ಕಾಡಿನ ಕೆಲಸಕ್ಕೆ ಆರಿಸುವಾಗ ಪರೀಕ್ಷೆಯ ಒಂದು ದಿನ ಕಾಡಿನಲ್ಲಿಯೇ ನಡೆಯಲಿ; ಅದಕ್ಕೂ ಲಿಖಿತ ಪರೀಕ್ಷೆಗೂ ಸಮನಾದ ಅಂಕಗಳಿರಲಿ; ಕೂಲಿಯಾಗಿ ದುಡಿದ ವರ್ಷಗಳು ಲೆಕ್ಕಕ್ಕೆ ಬರಲಿ. ವರದಿ ಬರೆಯುವುದನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಸಬಹುದು. ಇಪ್ಪತ್ತು ವರ್ಷಗಳ ಕಾಡನ್ನು ಯಾವ ತರಗತಿಯಲ್ಲಿ ಕಲಿಸೋಣ? ಹುಲಿ ಬಂದ ದಿನ ಮಾತ್ರ ಜಾಡುಗಾರನನ್ನು ನೆನೆಯುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.