ಹುಮನಾಬಾದಿನ ರಿಪೇರಿ ಅಂಗಡಿ ಮತ್ತು ಓಝೋನ್ ಪದರ



ಬೇಸಿಗೆಯಲ್ಲಿ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಮೊದಲು ಬೇಕಾಗುವುದು ತಣ್ಣನೆಯ ನೀರು. ಹೈದರಾಬಾದ್ ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಫ್ರಿಜ್‌ಗಳಿಗೆ ಬಿಡುವಿಲ್ಲ. ಚಿತ್ರೀಕರಣಕ್ಕೆಂದು ಹೋಗಿದ್ದಾಗ ಒಂದು ರಿಪೇರಿ ಅಂಗಡಿಯ ಮುಂದೆ ನಿಂತೆವು. ಮೆಕ್ಯಾನಿಕ್ ಹಳೆಯ ಎ.ಸಿ.ಯ ಕೊಳವೆ ಬಿಚ್ಚಿದರು. 'ಸುಸ್' ಎಂಬ ಸದ್ದಿನೊಡನೆ ಒಳಗಿದ್ದ ಗ್ಯಾಸ್ ಬಯಲು ಸೇರಿತು.

"ಇದನ್ನು ಹಿಡಿದಿಡಲು ಬರುವುದಿಲ್ಲವೆ?" ಎಂದು ಕೇಳಿದೆ.

"ಬರ್ತದ್ರೀ ಸರ. ಅದಕ್ಕ ಮಶೀನ್ ಬೇಕಾಗ್ತದ. ಮಶೀನಿನ ರೊಕ್ಕ ಗಿರಾಕಿ ಕೊಡ್ತಾರೇನ್ರಿ?" ಎಂದರು.

ಈ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಓಝೋನ್ ಅನಿಲದ ತೆಳು ಹೊದಿಕೆ ಇದೆ. ಸೂರ್ಯನ ನೇರಳಾತೀತ ಕಿರಣಗಳ ಬಹುಭಾಗವನ್ನು ಅದು ತಡೆಯುತ್ತದೆ. ತಡೆಯದಿದ್ದರೆ ಕಣ್ಣಿನ ಪೊರೆ, ಚರ್ಮದ ಕ್ಯಾನ್ಸರ್ ಹೆಚ್ಚುತ್ತವೆ, ಪೈರಿಗೂ ಹಾನಿ. ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್, ಅಂದರೆ ಸಿ.ಎಫ್.ಸಿ., ಮೇಲೇರಿ ಒಡೆದು ಕ್ಲೋರಿನ್ ಬಿಡುತ್ತದೆ. ಅದು ಓಝೋನನ್ನು ನಾಶಮಾಡುತ್ತದೆ ಎಂದು 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಝೋನ್ ರಂಧ್ರ ಬೆಳಕಿಗೆ ಬಂತು. ಹುಮನಾಬಾದಿನ ಆಕಾಶದಲ್ಲಿ ರಂಧ್ರವಿಲ್ಲ, ನಿಜ. ಆದರೆ ಇಲ್ಲಿ ಬಿಟ್ಟ ಗ್ಯಾಸ್ ಇಲ್ಲೇ ನಿಲ್ಲುವುದಿಲ್ಲ. ಗಾಳಿಗೆ ಗಡಿ ಎಲ್ಲಿಯದು?

1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಬಡ ದೇಶಗಳು ಬದಲಾಗಲು ಹಣ ಎಲ್ಲಿಂದ ಎಂಬ ಪ್ರಶ್ನೆ ಆಗಲೂ ಎದ್ದಿತ್ತು. ಅದಕ್ಕಾಗಿ 1990ರ ಲಂಡನ್ ಸಭೆಯಲ್ಲಿ ಬಹುಪಕ್ಷೀಯ ನಿಧಿ ರೂಪುಗೊಂಡಿತು. ಭಾರತ 1992ರಲ್ಲಿ ಒಪ್ಪಂದಕ್ಕೆ ಸೇರಿತು. ಓಝೋನ್ ನಾಶಕ ವಸ್ತುಗಳ ನಿಯಮಗಳು 2000ದಲ್ಲಿ ಬಂದವು. ತಯಾರಿಕೆ, ಆಮದು, ಮಾರಾಟಗಳಿಗೆ ನಿಯಂತ್ರಣ ಬಿತ್ತು. 2008ರ ಆಗಸ್ಟ್ 1ರಿಂದ ದೇಶದಲ್ಲಿ ಸಿ.ಎಫ್.ಸಿ. ತಯಾರಿಕೆ ನಿಂತಿತು, ಅಸ್ತಮಾ ಇನ್‌ಹೇಲರ್‌ಗಳಿಗೆ ಬೇಕಾದಷ್ಟನ್ನು ಬಿಟ್ಟು. ಗಡುವು 2010ರ ಜನವರಿ ಇತ್ತು. ನಾವು ಹದಿನೇಳು ತಿಂಗಳು ಮೊದಲೇ ಮುಗಿಸಿದೆವು. ಹೆಮ್ಮೆಪಡುವ ಮಾತು.

ಕಾರ್ಖಾನೆಗಳು ಬೆರಳೆಣಿಕೆಯಷ್ಟು, ಅವುಗಳ ಬಾಗಿಲಲ್ಲಿ ನಿಯಮ ಜಾರಿಮಾಡುವುದು ಸಾಧ್ಯವಾಯಿತು. ಈಗ ಸರದಿ ಆರ್-22 ಎಂಬ ಗ್ಯಾಸಿನದು. ಸಿ.ಎಫ್.ಸಿ.ಗಿಂತ ಓಝೋನಿಗೆ ಇದರ ಹಾನಿ ಕಡಿಮೆ. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲಶಾಲಿ. ಅಭಿವೃದ್ಧಿಶೀಲ ದೇಶಗಳು ಈ ಗುಂಪಿನ ಗ್ಯಾಸುಗಳ ಬಳಕೆಯನ್ನು 2030ರ ಹೊತ್ತಿಗೆ ಬಹುತೇಕ ನಿಲ್ಲಿಸಬೇಕು. ಹಳೆಯ ಯಂತ್ರಗಳ ರಿಪೇರಿಗೆ ಮಾತ್ರ 2040ರವರೆಗೆ ಅಲ್ಪ ಪ್ರಮಾಣಕ್ಕೆ ಅವಕಾಶ. ಎಂದರೆ ಉಳಿದ ಕೆಲಸ ರಿಪೇರಿ ಅಂಗಡಿಗಳದ್ದು. 2019ರ ಭಾರತ ಶೀತಲೀಕರಣ ಕಾರ್ಯಯೋಜನೆ ಒಂದು ಲಕ್ಷ ಮೆಕ್ಯಾನಿಕರಿಗೆ ತರಬೇತಿಯ ಗುರಿ ಹಾಕಿಕೊಂಡದ್ದು ಇದಕ್ಕಾಗಿಯೇ.

ತರಬೇತಿ ಕೈಗೆ ಕೌಶಲ ಕೊಡುತ್ತದೆ. ಆದರೆ ಗ್ಯಾಸ್ ಹಿಡಿಯುವ ಯಂತ್ರ ಸಣ್ಣ ಅಂಗಡಿಗೆ ಭಾರವೇ. ನಾಲ್ಕಾರು ಅಂಗಡಿಯವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು; ಅದಕ್ಕೆ ಸರ್ಕಾರದ ನೆರವು ತಾಲ್ಲೂಕು ಮಟ್ಟಕ್ಕೂ ಇಳಿಯಬೇಕು. ಗಿರಾಕಿಗಳಾದ ನಾವೂ ಸುಮ್ಮನಿರುವಂತಿಲ್ಲ. ಸೋರುವ ಕಡೆ ಬೆಸುಗೆ ಹಾಕಿಸದೆ ವರ್ಷ ವರ್ಷ ಗ್ಯಾಸ್ ತುಂಬಿಸುವುದು ದುಡ್ಡಿಗೂ ನಷ್ಟ, ಗಾಳಿಗೂ ನಷ್ಟ.

ಎಲ್ಲರೂ ನಿಯಮ ಪಾಲಿಸಿದರೆ ಅಂಟಾರ್ಕ್ಟಿಕದ ಓಝೋನ್ 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳಬಹುದೆಂದು ವಿಜ್ಞಾನಿಗಳ ಅಂದಾಜು. ಮುಂದಿನ ಸಲ ಮೆಕ್ಯಾನಿಕ್ ನಿಮ್ಮ ಮನೆಗೆ ಬಂದಾಗ ಒಂದು ಮಾತು ಕೇಳಿ: "ಹಳೇ ಗ್ಯಾಸ್ ಏನು ಮಾಡ್ತೀರಿ?" ಹಿಡಿದಿಡುತ್ತೇನೆ ಎಂದವರಿಗೆ ನಾಲ್ಕು ಕಾಸು ಹೆಚ್ಚು ಕೊಡಿ. ಹುಮನಾಬಾದಿನ ಆ ಗೆಳೆಯರ ಪ್ರಶ್ನೆಗೆ ನಮ್ಮ ಪಾಲಿನ ಉತ್ತರ ಅದು.